ಎಲ್ಲದಕ್ಕೂ ‘ಇನ್‌ಕನ್ಸಿಸ್ಟೆಂಟ್’ ಬರೆದರೆ ಆಗುತ್ತದೆಯೇ?

ಕೇಳಿದವರು: ಕಚೇರಿಯ ವರದಿಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಬಡಾವಣೆಗೆ ನೀರು ಸರಿಯಾಗಿ ಬರುತ್ತಿಲ್ಲ, ಒಬ್ಬ ನೌಕರರ ಕೆಲಸ ಒಂದೇ ಹದದಲ್ಲಿಲ್ಲ, ಎರಡು ಪುಸ್ತಕಗಳ ಲೆಕ್ಕ ತಾಳೆಯಾಗುತ್ತಿಲ್ಲ. ಮೂರಕ್ಕೂ ‘ಇನ್‌ಕನ್ಸಿಸ್ಟೆಂಟ್’ ಎಂದೇ ಬರೆಯುತ್ತಿದ್ದೇನೆ. ಬೇರೆ ಪದಗಳು ಯಾವುವು, ಎಲ್ಲಿ ಯಾವುದು ಸರಿ, ತಿಳಿದವರು ಹೇಳಿ.

ನೀರು ಸರಬರಾಜಿನವರು: ಮೇಡಂ, ನೀರಿಗೆ ಎರಡು ಪದಗಳಿವೆ, ಎರಡೂ ಒಂದೇ ಅಲ್ಲ. ಇಂಟರ್ಮಿಟೆಂಟ್ ಅಂದರೆ ಬಿಟ್ಟು ಬಿಟ್ಟು ಬರುವುದು. ನಾಲ್ಕು ದಿನಕ್ಕೊಮ್ಮೆ ಬೆಳಗ್ಗೆ 6ಕ್ಕೆ ತಪ್ಪದೆ ನೀರು ಬಿಟ್ಟರೂ ಅದು ಇಂಟರ್ಮಿಟೆಂಟ್ ಸಪ್ಲೈ. ದಿನದ 24 ಗಂಟೆಯೂ ನೀರು ಇರುವ ವ್ಯವಸ್ಥೆಗೆ ಎದುರಾಗಿ ನಮ್ಮಲ್ಲಿ ಈ ಪದ ಬಳಸುತ್ತೇವೆ. ಇದರಲ್ಲಿ ದೂರು ಇಲ್ಲ. ದಿನವೂ ಬಂದು, ಒಂದು ದಿನ ನಸುಕಿನಲ್ಲಿ, ಮರುದಿನ ಮಧ್ಯಾಹ್ನ, ಇನ್ನೊಂದು ದಿನ ಅರ್ಧ ಕೊಡಕ್ಕೇ ನಿಂತರೆ ಅದು ಎರಾಟಿಕ್. ನಿಮ್ಮ ಬಡಾವಣೆಯ ಕಷ್ಟ ಎರಡನೆಯದಾದರೆ ಇಂಟರ್ಮಿಟೆಂಟ್ ಎಂದು ಬರೆಯಬೇಡಿ. ಓದಿದ ಅಧಿಕಾರಿ ‘ವೇಳಾಪಟ್ಟಿಯೇ ಹಾಗಿದೆ’ ಎಂದು ಕಡತ ಮುಚ್ಚುತ್ತಾರೆ. ಮೇಲಿನ ಬೀದಿಗೆ ಬಂದು ಕೆಳಗಿನ ಬೀದಿಗೆ ಬಾರದಿದ್ದರೆ ಪ್ಯಾಚಿ ಅಥವಾ ಅನ್‌ಈವನ್. ಇವು ಜಾಗದ ಮಾತು.

ಪತ್ರಿಕೆಯ ಡೆಸ್ಕಿನವರು: ಮಳೆ ವರದಿಯಲ್ಲೂ ಇದೇ ಪೇಚು. ಹವಾಮಾನ ಇಲಾಖೆಯ ‘ಸ್ಕ್ಯಾಟರ್ಡ್’ ಪದಕ್ಕೆ ಅಳತೆಯಿದೆ: ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ 26ರಿಂದ 50 ಶೇಕಡಾ ಕಡೆ ಮಳೆ ಬಿದ್ದರೆ ಮಾತ್ರ. 25 ಶೇಕಡಾವರೆಗೆ ‘ಐಸೊಲೇಟೆಡ್’. ‘ಸ್ಕ್ಯಾಟರ್ಡ್’ ಮಳೆಯನ್ನು ‘ಬಿಟ್ಟು ಬಿಟ್ಟು ಮಳೆ’ ಎಂದು ಅನುವಾದಿಸಿದರೆ ತಪ್ಪು, ಅದು ಹೊತ್ತಿನ ಮಾತಾಯಿತು. ‘ಅಲ್ಲಲ್ಲಿ’ ಎನ್ನಬೇಕು. ಸ್ಪೊರಾಡಿಕ್ ಎಂದರೆ ಅಪರೂಪಕ್ಕೆ, ಲೆಕ್ಕಕ್ಕೆ ಸಿಗದ ಅಂತರದಲ್ಲಿ ಆಗುವುದು. ಗಲಭೆ, ಕಾಯಿಲೆಯ ಪ್ರಕರಣ ಇಂಥವಕ್ಕೆ ಹೊಂದುತ್ತದೆ, ನಲ್ಲಿ ನೀರಿಗಲ್ಲ.

ಲೆಕ್ಕಪತ್ರದವರು: ಲೆಕ್ಕ ತಾಳೆಯಾಗದಿದ್ದರೆ ‘ಡಿಸ್ಕ್ರೆಪೆನ್ಸಿ’ ಬರೆಯಿರಿ, ಮೊತ್ತ ಸೇರಿಸಿ. ‘ಕ್ಯಾಶ್ ಬುಕ್ಕಿಗೂ ಪಾಸ್‌ಬುಕ್ಕಿಗೂ ₹180 ಡಿಸ್ಕ್ರೆಪೆನ್ಸಿ’ ಎಂದರೆ ಯಾರ ಮೇಲೂ ತಪ್ಪು ಹೊರಿಸಿದಂತಾಗುವುದಿಲ್ಲ, ವ್ಯತ್ಯಾಸವಿದೆ ಎಂದಷ್ಟೇ ಹೇಳಿದಂತೆ. ವ್ಯತ್ಯಾಸ 9ರಿಂದ ಭಾಗವಾದರೆ ಮೊದಲು ಅಂಕಿ ಅದಲುಬದಲಾಗಿದೆಯೇ ನೋಡಿ: 4,530 ಬರೆಯುವಲ್ಲಿ 4,350 ಬರೆದರೆ ಬರುವುದು ಇದೇ 180. ಇಂಥ ಜಾಗದಲ್ಲಿ ‘ಕಾಂಟ್ರಡಿಕ್ಷನ್’ ಬೇಡವೇ ಬೇಡ.

ವಕೀಲರು: ಅದಕ್ಕೆ ನನ್ನದೂ ಸಹಮತ. ನ್ಯಾಯಾಲಯಗಳು ಈ ಎರಡನ್ನು ಬೇರೆಯಾಗಿಯೇ ತೂಗುತ್ತವೆ. ಒಬ್ಬ ಸಾಕ್ಷಿ ಏಳು ಗಂಟೆ ಎಂದು, ಇನ್ನೊಬ್ಬರು ಏಳೂಕಾಲು ಎಂದರೆ ಸಾಮಾನ್ಯವಾಗಿ ‘ಮೈನರ್ ಡಿಸ್ಕ್ರೆಪೆನ್ಸಿ’, ಅದರಿಂದ ಸಾಕ್ಷ್ಯ ಬಿದ್ದುಹೋಗದು. ಆರೋಪಿ ಅಲ್ಲಿದ್ದ ಎಂದು ಒಮ್ಮೆ, ಇರಲೇ ಇಲ್ಲ ಎಂದು ಇನ್ನೊಮ್ಮೆ ಹೇಳಿದರೆ ‘ಮೆಟೀರಿಯಲ್ ಕಾಂಟ್ರಡಿಕ್ಷನ್’. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲದಾಗ ಮಾತ್ರ ಆ ಪದ.

ಇಂಗ್ಲಿಷ್ ಮೇಷ್ಟ್ರು: ನೌಕರರ ವಿಷಯದಲ್ಲಿ ಬಹಳ ಎಚ್ಚರ ಬೇಕು, ಅವರ ಬಡ್ತಿ ಈ ಪದದ ಮೇಲೆ ನಿಂತಿರುತ್ತದೆ. ‘ಅನ್‌ಈವನ್’ ಕೆಲಸದ ಬಗ್ಗೆ ಹೇಳುತ್ತದೆ: ಕೆಲವು ಚೆನ್ನ, ಕೆಲವು ಇಲ್ಲ. ‘ಎರಾಟಿಕ್’ ಮನುಷ್ಯನಿಗೇ ತಾಗುತ್ತದೆ, ಯಾವಾಗ ಏನು ಮಾಡುತ್ತಾರೋ ತಿಳಿಯದು ಎಂಬ ಧ್ವನಿ. ‘ಅನ್‌ರಿಲಯಬಲ್’ ನೇರ ಆರೋಪ. ‘ಫಿಕಲ್’ ಎಂದರೆ ಗಳಿಗೆಗೊಂದು ಬುದ್ಧಿ, ನಿಷ್ಠೆ ಬದಲಿಸುವವರು. ‘ಮರ್ಕ್ಯೂರಿಯಲ್’ ಕ್ಷಣಕ್ಕೊಂದು ಮನಸ್ಥಿತಿ, ಕಲಾವಿದರ ಬಗ್ಗೆ ಬರೆದರೆ ಅರ್ಧ ಹೊಗಳಿಕೆಯೂ ಹೌದು. ಇವೆರಡೂ ಕಚೇರಿ ವರದಿಗೆ ಸಲ್ಲ. ನನ್ನ ಕೇಳಿದರೆ ಇಲ್ಲಿ ‘ಇನ್‌ಕನ್ಸಿಸ್ಟೆಂಟ್’ ಪದವೇ ಇರಲಿ, ಆದರೆ ಪಕ್ಕದಲ್ಲಿ ಅಂಕಿ ಕೊಡಿ: 12 ಕಡತಗಳಲ್ಲಿ 9 ಹೊತ್ತಿಗೆ ಸರಿಯಾಗಿ, 3 ಇಪ್ಪತ್ತು ದಿನ ತಡ.

ಇನ್ನೊಂದು. ‘ದಾಖಲೆಗೆ ಹೊಂದುವುದಿಲ್ಲ’ ಎಂದು ಕನ್ನಡದಲ್ಲಿ ಯೋಚಿಸಿ ಬರೆಯುವಾಗ ಆ ‘ಗೆ’ ಇಂಗ್ಲಿಷಿಗೂ ‘ಟು’ ಆಗಿ ಇಳಿದುಬಿಡುತ್ತದೆ. ‘ಇನ್‌ಕನ್ಸಿಸ್ಟೆಂಟ್ ವಿತ್ ದ ರೆಕಾರ್ಡ್’ ಸರಿ. ನಡವಳಿಕೆಯಾದರೆ ‘ಇನ್’: ‘ಇನ್‌ಕನ್ಸಿಸ್ಟೆಂಟ್ ಇನ್ ಅಪ್ಲೈಯಿಂಗ್ ದ ರೂಲ್ಸ್’. ಡಿಸ್ಕ್ರೆಪೆನ್ಸಿಗೆ ಎರಡು ವಸ್ತುಗಳ ನಡುವೆ ‘ಬಿಟ್ವೀನ್’, ಮೊತ್ತಕ್ಕೆ ‘ಆಫ್’.

ಕೇಳಿದವರು: ಹಾಗಾದರೆ ನೀರಿನದು ಎರಾಟಿಕ್. ನಾಳೆ ಹೋಗುವ ಪತ್ರದಲ್ಲಿ ಒಂದು ವಾರ ನೀರು ಬಂದ ಹೊತ್ತುಗಳನ್ನೂ ಸೇರಿಸುತ್ತೇನೆ.