ಅಪ್‌ಡೇಟ್: ರೇಡಿಯೇಷನ್ ಆದ ಮೇಲೆ ಅಮ್ಮನಿಗೆ ಶುರುವಾದ ತುರಿಕೆ

ಅಮ್ಮನ ತುರಿಕೆಗೆ ಏನು ಮಾಡಬಹುದು ಎಂದು ಕೊಡಗಿನ ನಾಪೋಕ್ಲಿನಿಂದ ಇಲ್ಲಿ ಕೇಳಿದ್ದೆ, ನೆನಪಿದೆಯಾ? ಅಮ್ಮನಿಗೆ ಸ್ತನ ಕ್ಯಾನ್ಸರ್‌ಗೆ ಮೈಸೂರಿನಲ್ಲಿ ರೇಡಿಯೇಷನ್ ಮುಗಿದಿತ್ತು. ಎದೆ, ಕಂಕುಳ ಚರ್ಮ ಕೆಂಪಾಗಿ ರಾತ್ರಿಯಿಡೀ ತುರಿಕೆ. ಕೇಳಿ 12 ದಿನ ಆಯಿತು, ಈಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ.

ಕೆಲಸ ಮಾಡಿದ್ದು "ಮೊದಲು ಡಾಕ್ಟರಿಗೆ ಫೋನ್ ಮಾಡಿ, ಮೊಮೆಟಾಸೋನ್ ಬಗ್ಗೆ ಕೇಳಿ" ಎಂದವರ ಸಲಹೆ. ಡಾಕ್ಟರು ತುರಿಕೆ ತಗ್ಗಿಸುವ ಆ ಸ್ಟೀರಾಯ್ಡ್ ಕ್ರೀಮನ್ನೇ ಬರೆದುಕೊಟ್ಟರು. ತೆಳ್ಳಗೆ ಹಚ್ಚಬೇಕು, ಚರ್ಮ ಸುಲಿದ ಕಡೆ ಬೇಡ ಎಂದರು. ಜೊತೆಗೆ ವಾಸನೆಯಿಲ್ಲದ ಮಾಯಿಶ್ಚರೈಸರ್, ಉಗುರುಬೆಚ್ಚಗಿನ ನೀರು, ಉಜ್ಜದೆ ಒತ್ತಿ ಒರೆಸುವುದು.

ಲೋಳೆಸರದಿಂದ ತಂಪಾಯಿತು, ಅರ್ಧ ಗಂಟೆಗೆ ಮತ್ತೆ ಅದೇ ಕಥೆ. ಅರಿಶಿನ ಹಚ್ಚಿದ್ದು ನನ್ನದೇ ತಪ್ಪು. ಉರಿ ಜಾಸ್ತಿಯಾಯಿತು, ತೊಳೆಯುವಾಗ ಅಮ್ಮ ಅತ್ತೇಬಿಟ್ಟರು.

ಯಾರೂ ಹೇಳದ ಒಂದು ವಿಷಯ ಇತ್ತು: ನಮ್ಮ ಮಳೆ! ರವಿಕೆ ಒಣಗುವುದೇ ಇಲ್ಲ, ಅಲ್ವಾ? ಒಲೆ ಮೇಲೆ ಹೊಗೆಯಲ್ಲಿ ಒಣಗಿಸಿದ, ಇನ್ನೂ ತೇವ ಇರುವ ಬಿಗಿ ರವಿಕೆ ಅದೇ ಜಾಗಕ್ಕೆ ಉಜ್ಜುತ್ತಿತ್ತು. ಅಪ್ಪನ ಹಳೇ ಹತ್ತಿ ಬನಿಯನ್ ಇಸ್ತ್ರಿ ಮಾಡಿ ಪೂರ್ತಿ ಒಣಗಿಸಿ, ಬಿಸಿ ಆರಿದ ಮೇಲೆ ಕೊಟ್ಟೆ. ಎರಡೇ ದಿನದಲ್ಲಿ ವ್ಯತ್ಯಾಸ ಕಂಡಿತು.

ಇನ್ನೊಂದು ಆಶ್ಚರ್ಯ. ರೇಡಿಯೇಷನ್ ಮುಗಿದ ಮೇಲೂ 1–2 ವಾರ ಚರ್ಮ ಇನ್ನಷ್ಟು ಕೆಡುವುದು ಮಾಮೂಲಂತೆ. ಇದು ಗೊತ್ತಿಲ್ಲದೆ ನಾವು ಸುಮ್ನೆ ಹೆದರಿದ್ದೆವು. ಆದರೆ ಚರ್ಮದಿಂದ ನೀರು ಸೋರಿದರೆ, ಕೀವು ಅಥವಾ ಜ್ವರ ಬಂದರೆ ಕಾಯದೆ ಬನ್ನಿ ಎಂದು ಡಾಕ್ಟರು ಹೇಳಿದ್ದಾರೆ.

ಮುಂದಿನ ತಪಾಸಣೆಗೆ ಮಂಗಳವಾರ ಮೈಸೂರಿಗೆ ಹೊರಟಿದ್ದೇವೆ. ಅಮ್ಮ ಆಗಲೇ ಡಾಕ್ಟರಿಗೆ ಕಿತ್ತಳೆ ಕಟ್ಟಿಟ್ಟಿದ್ದಾರೆ.