ದಾಸವಾಳಕ್ಕೆ ಮೊಳೆ ಬೇಡ, ನೀರು ಬದಲಿಸಿ

ಅಕ್ಕ, ನೀವು ಗ್ರೂಪಿಗೆ ಹಾಕಿದ ದಾಸವಾಳದ ಫೋಟೋ ದೊಡ್ಡದು ಮಾಡಿ ನೋಡಿದೆ. ಮೆಸೇಜು ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಕೇಳಿ.

ಚಿಗುರೆಲೆ ಹಳದಿ, ನರ ಮಾತ್ರ ಹಸಿರು, ಕೆಳಗಿನ ಹಳೇ ಎಲೆ ಚೆನ್ನಾಗಿಯೇ ಇದೆ. ನರ್ಸರಿಯವರು ಕಬ್ಬಿಣ ಸಾಲದು ಅಂದಿದ್ದು ಸರಿ. ಆದರೆ ತುಕ್ಕು ಹಿಡಿದ ಮೊಳೆ ಹೂತಿದ್ದೀರಲ್ಲ, ಅದರಿಂದ ಉಪಯೋಗವಿಲ್ಲ. ನಿಮ್ಮ ಕುಂಡದಲ್ಲಿರುವುದು ನಮ್ಮ ಬೆಂಗಳೂರಿನ ಕೆಂಪು ಮಣ್ಣು ಅಲ್ವಾ? ಆ ಕೆಂಪು ಬಂದಿರುವುದೇ ಕಬ್ಬಿಣದಿಂದ. ಬೇಕಾದಷ್ಟಿದೆ, ಕರಗುತ್ತಿಲ್ಲ ಅಷ್ಟೇ.

ನೀರಿನಲ್ಲಿ ಕರಗಿದ್ದನ್ನು ಮಾತ್ರ ಬೇರು ಒಳಗೆ ಎಳೆದುಕೊಳ್ಳುವುದು. ಅದಕ್ಕೇ ಕಬ್ಬಿಣ ಸಾಲದೇ ಬಂದಾಗ ದಾಸವಾಳ, ಟೊಮೆಟೊದಂಥ ಗಿಡಗಳು ಸುತ್ತಲಿನ ಮಣ್ಣನ್ನೇ ಹುಳಿ ಮಾಡುತ್ತವೆ. ಹುಳಿ ಸುಮ್ನೆ ಸೋರುವುದಲ್ಲ. ಬೇರಿನ ಜೀವಕೋಶದ ಪೊರೆಯಲ್ಲಿ ಪಂಪುಗಳಿವೆ. ಗಿಡ ಶಕ್ತಿ ಖರ್ಚು ಮಾಡಿ ಪ್ರೋಟಾನುಗಳನ್ನು, ಅಂದರೆ ಹುಳಿಯ ಕಣಗಳನ್ನು, ಹೊರಕ್ಕೆ ತಳ್ಳುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ. ಅದು ಒಂದೇ ಒಂದು ಅಂಕಿ ಇಳಿದರೂ ಫೆರಿಕ್ ಕಬ್ಬಿಣ (ತುಕ್ಕಿನಲ್ಲಿರುವ ರೂಪ) ಸುಮಾರು 1000 ಪಟ್ಟು ಜಾಸ್ತಿ ಕರಗುತ್ತದೆ. ಆಮೇಲೆ ಬೇರಿನ ಮೇಲಿರುವ ಒಂದು ಕಿಣ್ವ ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಫೆರಸ್ ಅನ್ನುವ ಇನ್ನೊಂದು ರೂಪಕ್ಕೆ ತರುತ್ತದೆ. ಒಳಗೆ ಹೋಗುವುದು ಆ ರೂಪದಲ್ಲಿ. ದಿನಾ ಮಣ್ಣು ಕೆಸರಾಗುವಷ್ಟು ನೀರು ಹಾಕಿದರೆ ಬೇರಿಗೆ ಉಸಿರಾಟ ಕಷ್ಟ, ಪಂಪಿಗೂ ಶಕ್ತಿ ಇರುವುದಿಲ್ಲ.

ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸ್ಯಾಕ್ಸ್ 1860ರ ಸುಮಾರಿಗೆ ಬೇರು ಹುಳಿ ಬಿಡುವುದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದರು. ನುಣುಪಾದ ಅಮೃತಶಿಲೆಯ ಮೇಲೆ ಗಿಡ ಬೆಳೆಸಿದರು. ಆಮೇಲೆ ನೋಡಿದರೆ ಬೇರು ಹರಿದಾಡಿದ ದಾರಿಯೆಲ್ಲ ಕಲ್ಲು ಹುಳಿಗೆ ಕರಗಿ ಕೊರೆದ ಗೆರೆಗಳು! ನನಗಂತೂ ಇದು ಎಷ್ಟು ಸಲ ಓದಿದರೂ ಬೇಜಾರಾಗುವುದಿಲ್ಲ.

ಸರಿ, ನಿಮ್ಮ ಕುಂಡಕ್ಕೆ ಬರೋಣ. ನನ್ನ ಅನುಮಾನ ಬೋರ್‌ವೆಲ್ ನೀರಿನ ಮೇಲೆ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ. ಬೇರು ಕಷ್ಟಪಟ್ಟು ಬಿಟ್ಟ ಹುಳಿಯನ್ನೆಲ್ಲ ಅದು ಮುಗಿಸಿಬಿಡುತ್ತದೆ. ಫೋಟೋದಲ್ಲಿ ಕುಂಡದ ಅಂಚಿಗೆ ಬಿಳಿ ಪಟ್ಟೆ ಕಾಣುತ್ತಿದೆ. ಸ್ವಲ್ಪ ಕೆರೆದು ಅದರ ಮೇಲೆ ಎರಡು ಹನಿ ವಿನಿಗರ್ ಬಿಡಿ. ಬುಸ್ಸೆಂದು ಗುಳ್ಳೆ ಎದ್ದರೆ ಅದು ಸುಣ್ಣವೇ. ಆರ್‌ಒ ಮೆಷಿನ್ನಿನ ವೇಸ್ಟ್ ನೀರು ಹಾಕುತ್ತಿದ್ದರೆ ಇನ್ನೂ ಕೆಟ್ಟದ್ದು, ಉಪ್ಪೆಲ್ಲ ಸೇರಿರುವುದು ಅದರಲ್ಲೇ. ನೆಲ ಒರೆಸಲು ಇಟ್ಟುಕೊಳ್ಳಿ. ಮೊಟ್ಟೆ ಚಿಪ್ಪು, ಒಲೆ ಬೂದಿ ಕೂಡ ಈ ಗಿಡಕ್ಕೆ ಸದ್ಯಕ್ಕೆ ಬೇಡ.

ಪಕ್ಕದ ಕುಂಡದ ಮುಸುಕಿನ ಜೋಳ ಅದೇ ನೀರು ಕುಡಿದೂ ಹಸಿರಾಗಿದೆ ಅಂತ ಕೇಳಿದಿರಲ್ಲ. ಜೋಳ, ರಾಗಿ ಎಲ್ಲ ಹುಲ್ಲಿನ ಜಾತಿ. ಅವು ಹುಳಿಯನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಕಬ್ಬಿಣಕ್ಕೆ ಅಂಟಿಕೊಳ್ಳುವ ಒಂದು ಪದಾರ್ಥವನ್ನು ಹೊರಗೆ ಬಿಟ್ಟು, ಕಬ್ಬಿಣದ ಸಮೇತ ವಾಪಸ್ ಎಳೆದುಕೊಳ್ಳುತ್ತವೆ. ಬೈಕಾರ್ಬೊನೇಟಿನ ಕಾಟ ಅವಕ್ಕೆ ಕಡಿಮೆ.

ಗೊಬ್ಬರ ಹಾಕಲೇಬೇಕು ಅಂದರೆ ಒಂದು ಚಿಟಿಕೆ ಅಮೋನಿಯಂ ಸಲ್ಫೇಟ್ ನೀರಲ್ಲಿ ಕರಗಿಸಿ, ಮಣ್ಣು ಒದ್ದೆ ಇದ್ದಾಗ ಹಾಕಿ. ಬೇರು ಅಮೋನಿಯಂ ತೆಗೆದುಕೊಳ್ಳುವಾಗ ಪ್ರೋಟಾನ್ ಹೊರಗೆ ಬಿಡುತ್ತದೆ. ನೈಟ್ರೇಟ್ ಗೊಬ್ಬರದ್ದು ಉಲ್ಟಾ. ಅಂಗಡಿಯಲ್ಲಿ ಕಬ್ಬಿಣದ ಚಿಲೇಟ್ (ಕಬ್ಬಿಣವನ್ನು ಕರಗಿದ ಹಾಗೇ ಹಿಡಿದಿಡುವ ಗೊಬ್ಬರ) ಕೊಳ್ಳುವಾಗ ಪ್ಯಾಕೆಟ್ ಓದಿ. ಸುಣ್ಣದ ಮಣ್ಣಲ್ಲಿ ಇಡಿಟಿಎ ಅನ್ನುವ ಬಗೆಯದು ನಿಲ್ಲುವುದಿಲ್ಲ, ಇಡಿಡಿಎಚ್‌ಎ ಅಂತ ಇರಬೇಕು. ದುಡ್ಡು ಜಾಸ್ತಿ, ಅದಕ್ಕೇ ಮೊದಲು ನೀರು ಬದಲಿಸಿ ನೋಡಿ ಅನ್ನುತ್ತಿದ್ದೇನೆ. ಹಳದಿಯಾದ ಎಲೆ ಪೂರ್ತಿ ಹಸಿರಾಗದೇ ಇರಬಹುದು, ಹೊಸ ಚಿಗುರಿನ ಮೇಲೆ ಕಣ್ಣಿಡಿ.

ಟೆರೇಸಿನ ಮಳೆನೀರಿನ ಡ್ರಮ್ಮು ತುಂಬಿದೆ. ಬೀಗದ ಕೀ ಗೇಟಿನಲ್ಲಿ ವಾಚ್‌ಮನ್ ಹತ್ತಿರ ಇದೆ, ಬೇಕಾದಷ್ಟು ತೆಗೆದುಕೊಳ್ಳಿ. ಮುಚ್ಚಳ ಮಾತ್ರ ಸರಿಯಾಗಿ ಹಾಕಿ, ಸೊಳ್ಳೆ ಕಾಟ.