ಮ್ಯಾಡ್ ಲಿಬ್ಸ್ ಕನ್ನಡದಲ್ಲಿ ಏಕಿಲ್ಲ?

ಚಿಕಾಗೊ ಅಮ್ಮ: ತೊಂಬತ್ತರ ದಶಕದಲ್ಲಿ ಕಾರಿನಲ್ಲಿ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವಾಗ ನಮ್ಮ ಮಕ್ಕಳನ್ನು ಸುಮ್ಮನಿರಿಸಿದ್ದು ಎರಡೇ: ಚಿತ್ರಾನ್ನ ಮತ್ತು ಮ್ಯಾಡ್ ಲಿಬ್ಸ್ ಪುಸ್ತಕ. ಕಥೆ ಯಾವುದೆಂದು ಹೇಳದೆ ಒಬ್ಬರು ನಾಮಪದ, ಕ್ರಿಯಾಪದ ಕೇಳುತ್ತಾರೆ, ಉಳಿದವರು ಬಾಯಿಗೆ ಬಂದದ್ದು ಕೊಡುತ್ತಾರೆ. ಬಿಟ್ಟ ಸ್ಥಳ ತುಂಬಿ ಓದಿದರೆ ನಗು. ಈಗ ಮಕ್ಕಳ ಕೈಗೆ ಟ್ಯಾಬ್ಲೆಟ್ ಕೊಟ್ಟು ಕೆಡಿಸಿದ್ದೇವೆ. ಕನ್ನಡದಲ್ಲೂ ಇಂಥದ್ದು ಬರಬೇಕು.

ಹಳೇ ಪುಟ: ಮಕ್ಕಳ ಪುಸ್ತಕವೆಂದು ಯಾರು ಹೇಳಿದರು? 1958ರಲ್ಲಿ ಲಿಯನಾರ್ಡ್ ಸ್ಟರ್ನ್, ರೋಜರ್ ಪ್ರೈಸ್ ಹೊರತಂದಾಗ ಅದು ದೊಡ್ಡವರ ಪಾರ್ಟಿ ಆಟ. ಸ್ಟೀವ್ ಆಲನ್‌ನ ಟೀವಿ ಕಾರ್ಯಕ್ರಮದಲ್ಲಿ ಅತಿಥಿಗಳನ್ನು ಪರಿಚಯಿಸಲು ಬಳಸಿದ್ದರು.

ಚಿಕಾಗೊ ಅಮ್ಮ: ನಾನು ಕೊಂಡದ್ದು ಮಕ್ಕಳ ಕಪಾಟಿನಿಂದ.

ಶಬ್ದಮಣಿ: "ಕನ್ನಡದಲ್ಲೂ ಬರಬೇಕು" ಎಂದರೆ ಬಂದುಬಿಡುತ್ತದೆಯೇ? ಇಂಗ್ಲಿಷ್ ಪದವನ್ನು ಇದ್ದ ಹಾಗೇ ಖಾಲಿ ಜಾಗಕ್ಕೆ ತುರುಕಬಹುದು. ‘ರಾಜನು ___ ಅನ್ನು ತಿಂದನು’ ಎಂದು ಅಚ್ಚು ಹಾಕಿ ನೋಡಿ. ಮರ ಎಂದರೆ ಮರವನ್ನು, ಬೆಕ್ಕು ಎಂದರೆ ಬೆಕ್ಕನ್ನು, ಮಾವ ಎಂದರೆ ಮಾವನನ್ನು. ಕ್ರಿಯಾಪದಕ್ಕೆ ಲಿಂಗ, ವಚನ ಬೇರೆ.

ಹಿಂದಿನ ಸೀಟು: ಮಾವನನ್ನು ತಿಂದ ರಾಜ! ಆಟ ಆಗಲೇ ಶುರುವಾಯಿತಲ್ಲ.

ಕುಕ್ಕರಹಳ್ಳಿ: ‘ಎಂಬ’ ಇರುವುದು ಏತಕ್ಕೆ? ‘ರಾಜನು ___ ಎಂಬುದನ್ನು ತಿಂದನು.’ ಯಾವ ಪದವೂ ಕೂರುತ್ತದೆ.

ಶಬ್ದಮಣಿ: ‘ರಾಜನು ಹಲಸಿನ ಹಣ್ಣು ಎಂಬುದನ್ನು ತಿಂದನು.’ ಇದು ಕಥೆಯೋ, ತಾಲ್ಲೂಕು ಕಚೇರಿಯ ನೋಟೀಸೋ?

ಕುಕ್ಕರಹಳ್ಳಿ: ನೋಟೀಸಾದರೆ ಇನ್ನೂ ಒಳ್ಳೆಯದು. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ, ___ ಎಂಬುವರು...’

ಶಬ್ದಮಣಿ: ನಗೆಯಾಡಿ ತಪ್ಪಿಸಿಕೊಳ್ಳಬೇಡಿ.

ಹಳೇ ಪುಟ: ದೊಡ್ಡವರ ಆಟ ಎಂದೆನಲ್ಲ, ಅದಕ್ಕೆ ಯಾರೂ ಉತ್ತರಿಸಿಲ್ಲ.

ಘಾಟಿ ತಿರುವು: ಓಡುವ ಕಾರಿನಲ್ಲಿ ತಲೆ ತಗ್ಗಿಸಿ ಬರೆದರೆ ವಾಂತಿ. ಕಣ್ಣು ಪುಟದ ಮೇಲೆ, ಒಳಕಿವಿ ತಿರುವಿನ ಮೇಲೆ.

ಹಿಂದಿನ ಸೀಟು: ಇಂಗ್ಲಿಷ್ ಪುಸ್ತಕವೂ ‘ಬಹುವಚನದ ನಾಮಪದ’ ಎಂದು ಕೇಳಿಯೇ ತೆಗೆದುಕೊಳ್ಳುತ್ತದೆ. ನಾವು ‘ಏನನ್ನು?’ ಎಂದು ಕೇಳಿದರಾಯಿತು. ಮಗು ‘ಬೆಕ್ಕನ್ನು’ ಎಂದೇ ಹೇಳುತ್ತದೆ.

ಶಬ್ದಮಣಿ: ‘ಎಂದೇ’? ಅಮೆರಿಕದಲ್ಲಿ ಹುಟ್ಟಿದ ನನ್ನ ಮೊಮ್ಮಗಳು ‘ಬೆಕ್ಕುವನ್ನು’ ಎನ್ನುತ್ತಾಳೆ. ಅದನ್ನು ಎಲ್ಲಿ ತುಂಬುತ್ತೀರಿ?

ಚಿಕಾಗೊ ಅಮ್ಮ: ಅಮೆರಿಕದಲ್ಲಿ ಹುಟ್ಟಿದವರ ಬಗ್ಗೆ ಹಗುರವಾಗಿ ಮಾತನಾಡಬೇಡಿ. ನನ್ನ ಮಗ ಪುಸ್ತಕ ನೋಡದೆ ವಚನ ಹೇಳುತ್ತಾನೆ.

ಶಬ್ದಮಣಿ: ಮೇಡಂ, ನಾನು ಹೇಳಿದ್ದು ಏಕವಚನ, ಬಹುವಚನ.

ಚಿಕಾಗೊ ಅಮ್ಮ: ಗೊತ್ತಿದೆ ಸ್ವಾಮಿ. ಮೊಮ್ಮಗಳನ್ನು ಒಂದು ವಾರ ನಮ್ಮ ಮನೆಗೆ ಕಳುಹಿಸಿ, ‘ಬೆಕ್ಕನ್ನು’ ಕಲಿಸಿ ಕಳುಹಿಸುತ್ತೇವೆ.

ಶಬ್ದಮಣಿ: ಯಾರೂ ಕಲಿಸಬೇಕಿಲ್ಲ. ಅವಳ ಕನ್ನಡ ಚೆನ್ನಾಗಿಯೇ ಇದೆ.